ಸಂತ ಅಲ್ಫೋನ್ಸರ ಎರಡು ಸೋಲುಗಳು

ಆಗಸ್ಟ್ ತಿಂಗಳ ಮೊದಲನೆಯ ದಿನ ಧರ್ಮಸಭೆಯು ಧರ್ಮಾಧ್ಯಕ್ಷರೂ ಧರ್ಮಪಂಡಿತರೂ ಆಗಿದ್ದ ಸಂತ ಅಲ್ಫೋನ್ಸ್ ಮರಿಯ ಲಿಗೋರಿಯವರನ್ನು ಸ್ಮರಿಸುತ್ತದೆ. ಅವರ ಚಿತ್ರಪಟವನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅವರ ತಲೆ ಎದೆಯ ಮೇಲಕ್ಕೆ ಬಾಗಿರುತ್ತದೆ, ಕಣ್ಣುಗಳು ಕೆಳಗಿನಿಂದ ಮೇಲಕ್ಕೆ ನೋಡುತ್ತಿರುತ್ತವೆ. ಭಕ್ತಿಯ ಭಾರದಿಂದ ತಲೆ ಬಾಗಿದೆಯೆಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಅದು ರೋಗದ ಗುರುತು. 1768ರಲ್ಲಿ ಬಂದ ಸಂಧಿವಾತ ಜ್ವರವು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಹಾಸಿಗೆಗೆ ಕಟ್ಟಿಹಾಕಿತು. ಕುತ್ತಿಗೆಯ ಮೂಳೆಗಳು ಬಾಗಿ, ಗಲ್ಲವು ಎದೆಯನ್ನೊತ್ತಿ ಅಲ್ಲಿ ಗಾಯವೇ ಆಯಿತು. ಮುಂದೆ ಬದುಕಿದಷ್ಟು ಕಾಲವೂ ಅವರು ತಲೆಯೆತ್ತಿ ನಡೆಯಲಾಗಲಿಲ್ಲ, ನೀರು ಕುಡಿಯಲು ಕೊಳವೆ ಬೇಕಾಯಿತು.

ಆದರೆ ನಾನಿಂದು ಹೇಳಹೊರಟಿರುವುದು ಆ ದೇಹದ ಕಥೆಯನ್ನಲ್ಲ. ಅದೇ ಮನುಷ್ಯನ ಅಂತರಂಗವು ಎರಡು ಬಾರಿ ಬಾಗಿತು. ಒಮ್ಮೆ ಇಪ್ಪತ್ತಾರರ ಯೌವನದಲ್ಲಿ, ಮತ್ತೊಮ್ಮೆ ಎಂಬತ್ತರ ಮುಪ್ಪಿನಲ್ಲಿ. ಮೊದಲನೆಯದನ್ನು ನಮ್ಮ ಪ್ರಬೋಧನೆಗಳಲ್ಲಿ ಪದೇ ಪದೇ ಹೇಳುತ್ತೇವೆ. ಎರಡನೆಯದನ್ನು ಹೇಳುವುದು ಕಡಿಮೆ. ಗುರುಮಠದಲ್ಲಿ ನಾವು ವಿದ್ಯಾರ್ಥಿಗಳಾಗಿದ್ದಾಗ ಅಲ್ಫೋನ್ಸರೆಂದರೆ ನೀತಿಶಾಸ್ತ್ರದ ಪರೀಕ್ಷೆಯಲ್ಲಿ ಬರೆಯಬೇಕಾದ ಒಂದು ಹೆಸರು, ಅಷ್ಟೆ. ಅವರ ಕೊನೆಯ ಏಳು ವರ್ಷಗಳ ವೃತ್ತಾಂತವನ್ನು ನಾನು ಓದಿದ್ದು ಗುರುಪಟ್ಟವಾಗಿ ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಪಾಪನಿವೇದನೆಯ ಪೀಠದಲ್ಲಿ ಕುಳಿತು, ದೇವರು ತಮ್ಮನ್ನು ಕೈಬಿಟ್ಟರೆಂದು ನಂಬಿದವರ ಮಾತುಗಳನ್ನು ಬೇಕಾದಷ್ಟು ಕೇಳಿದ್ದೆ. ಮೊದಲೇ ಓದಿದ್ದರೆ ಅವರಿಗೆ ಇನ್ನಷ್ಟು ನೆರವಾಗಬಹುದಿತ್ತು.

ಅಲ್ಫೋನ್ಸರು ಹುಟ್ಟಿದ್ದು 1696ರ ಸೆಪ್ಟೆಂಬರ್ 27ರಂದು, ಇಟಲಿಯ ನೇಪಲ್ಸ್ ನಗರದ ಸಮೀಪದ ಮರಿಯನೆಲ್ಲಾ ಎಂಬಲ್ಲಿ. ತಂದೆ ಜುಸೆಪ್ಪೆ ರಾಜನ ನೌಕಾಪಡೆಯಲ್ಲಿ ಅಧಿಕಾರಿ, ಕುಲೀನರು, ಕಟ್ಟುನಿಟ್ಟಿನವರು. ತಾಯಿ ಅನ್ನಾ ಮೃದು ಸ್ವಭಾವದ ದೈವಭಕ್ತೆ. ಹಿರಿಯ ಮಗನಾದುದರಿಂದ ಮನೆತನದ ಸಕಲ ಆಸೆಗಳೂ ಈ ಹುಡುಗನ ಹೆಗಲೇರಿದವು. ಸಂಗೀತ, ಚಿತ್ರಕಲೆ, ಭಾಷೆಗಳು, ಗಣಿತ, ಎಲ್ಲವನ್ನೂ ಮನೆಯಲ್ಲೇ ಕಲಿಸಲಾಯಿತು. 1713ರ ಜನವರಿಯಲ್ಲಿ, ಹದಿನಾರು ವರ್ಷ ತುಂಬಿ ಕೆಲವೇ ತಿಂಗಳಾಗಿದ್ದಾಗ, ವಯಸ್ಸಿನ ನಿಯಮದಿಂದ ವಿನಾಯಿತಿ ಪಡೆದು ಅವರು ನಾಗರಿಕ ಕಾನೂನು ಮತ್ತು ಧರ್ಮಸಭೆಯ ಕಾನೂನು ಎರಡರಲ್ಲೂ ಡಾಕ್ಟರೇಟ್ ಪಡೆದರು. ಅಂದು ತೊಡಿಸಿದ ನಿಲುವಂಗಿ ಹುಡುಗನನ್ನು ಪೂರ್ತಿಯಾಗಿ ಮುಚ್ಚಿಬಿಟ್ಟಿತೆಂದೂ ನೆರೆದವರು ನಕ್ಕರೆಂದೂ ಹೇಳುತ್ತಾರೆ.

ಮುಂದೆ ಎಂಟು ವರ್ಷಗಳ ವಕೀಲಿ ವೃತ್ತಿಯಲ್ಲಿ ಅವರು ಒಂದು ವ್ಯಾಜ್ಯದಲ್ಲೂ ಸೋಲಲಿಲ್ಲವೆಂಬುದು ಹಳೆಯ ಚರಿತ್ರಕಾರರ ಮಾತು. ಅನ್ಯಾಯದ ಪಕ್ಷವನ್ನು ವಹಿಸಬಾರದೆಂಬುದು ಅವರು ತಮಗೆ ತಾವೇ ಹಾಕಿಕೊಂಡಿದ್ದ ನಿಯಮ. ತಂದೆಯಂತೂ ಮಗನಿಗಾಗಿ ದೊಡ್ಡ ಮನೆತನದ ಕನ್ಯೆಯರನ್ನು ಹುಡುಕುತ್ತಿದ್ದರು.

1723ರಲ್ಲಿ ಗ್ರಾವೀನಾದ ಡ್ಯೂಕರಿಗೂ ಟಸ್ಕನಿಯ ಮಹಾಡ್ಯೂಕರಿಗೂ ನಡುವೆ ಲಕ್ಷಾಂತರ ಡುಕಾಟ್ ಬೆಲೆಯ ಜಹಗೀರಿನ ವ್ಯಾಜ್ಯವೊಂದು ನೇಪಲ್ಸಿನ ನ್ಯಾಯಾಲಯಕ್ಕೆ ಬಂದಿತು. ಅಲ್ಫೋನ್ಸರು ಗ್ರಾವೀನಾದ ಡ್ಯೂಕರ ವಕೀಲರು. ಅವರು ಅಮೋಘವಾಗಿ ವಾದಿಸಿ ಕುಳಿತರು. ಆಗ ಎದುರು ಪಕ್ಷದ ವಕೀಲ ಎದ್ದು, ಅಲ್ಫೋನ್ಸರು ಹಲವು ಬಾರಿ ಓದಿದ್ದ ದಾಖಲೆಯನ್ನೇ ಅವರ ಕೈಗಿತ್ತು ಮತ್ತೊಮ್ಮೆ ಓದುವಂತೆ ಕೇಳಿಕೊಂಡನೆಂದು ಪರಂಪರೆ ಹೇಳುತ್ತದೆ. ಇಡೀ ವಾದವನ್ನು ಬುಡಮೇಲು ಮಾಡುವ ಅಂಶವೊಂದು ಅದರಲ್ಲಿತ್ತು. ಅವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಇತ್ತೀಚಿನ ಸಂಶೋಧಕರು ಬೇರೊಂದು ವಿವರಣೆ ಕೊಡುತ್ತಾರೆ. ಅವರ ಪ್ರಕಾರ ತಪ್ಪು ಅಲ್ಫೋನ್ಸರದಲ್ಲ, ತೀರ್ಪಿನ ಹಿಂದೆ ರಾಜಕೀಯ ಒತ್ತಡವಿತ್ತು. ಯಾವುದು ನಿಜವಾದರೂ ಫಲ ಒಂದೇ. ಆ ತರುಣ ವಕೀಲನಿಗೆ ನ್ಯಾಯಾಲಯದ ಮೇಲಿದ್ದ ವಿಶ್ವಾಸ ಅಂದಿಗೆ ಮುಗಿಯಿತು, ತನ್ನ ಮೇಲಿದ್ದ ವಿಶ್ವಾಸವೂ ಅದರೊಡನೆ ಹೋಯಿತು. ಜಮೀನಿನ ವ್ಯಾಜ್ಯಕ್ಕಾಗಿ ಕಚೇರಿಯ ಮೆಟ್ಟಿಲು ಸವೆಸಿದ ನಮ್ಮ ಊರುಗಳ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಗೆ ಬಂದವರೇ ಅವರು ಕೋಣೆಯ ಬಾಗಿಲು ಮುಚ್ಚಿದರು. ಮೂರು ದಿನ ಅನ್ನಾಹಾರ ಮುಟ್ಟಲಿಲ್ಲ. ಇದು ವೈರಾಗ್ಯವಲ್ಲ, ಅಪಮಾನ. ಸಂತರ ಬದುಕಿನಲ್ಲಿ ನಡೆದುದನ್ನೆಲ್ಲ ಮೊದಲಿನಿಂದಲೇ ಪವಿತ್ರವೆಂದು ಬಣ್ಣಿಸುವ ಅಭ್ಯಾಸ ನಮಗಿದೆ. ಹಾಗೆ ಮಾಡಿದರೆ ದೇವರ ಕೃಪೆಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಅದೇ ಆಗಸ್ಟ್ 28ರಂದು ಚಕ್ರವರ್ತಿನಿಯ ಹುಟ್ಟುಹಬ್ಬ. ಅರಮನೆಯ ಸಮಾರಂಭಕ್ಕೆ ತನ್ನೊಡನೆ ಬರುವಂತೆ ತಂದೆ ಒತ್ತಾಯಿಸಿದರು. ಮಗ ಒಪ್ಪದೆ, ತಾನು ಬಹುಕಾಲದಿಂದ ರೋಗಿಗಳ ಸೇವೆಗೆ ಹೋಗುತ್ತಿದ್ದ ನೇಪಲ್ಸಿನ ಅಸಾಧ್ಯ ರೋಗಿಗಳ ಆಸ್ಪತ್ರೆಗೆ ನಡೆದ. ಅಲ್ಲಿ ಹಾಸಿಗೆ ಸರಿಪಡಿಸುತ್ತ, ಊಟ ಬಡಿಸುತ್ತ ಇದ್ದಾಗ ಬೆಳಕೊಂದು ತನ್ನನ್ನು ಸುತ್ತುವರಿದಂತೆಯೂ, ಲೋಕವನ್ನು ಬಿಟ್ಟು ತನ್ನನ್ನು ಅರ್ಪಿಸಿಕೊಳ್ಳುವಂತೆ ಒಳಗೊಂದು ಕರೆ ಬಂದಂತೆಯೂ ಅವರಿಗೆ ಭಾಸವಾಯಿತು. ಆಸ್ಪತ್ರೆಯಿಂದ ಹೊರಟವರು ಸೆರೆಬಿಡುಗಡೆಯ ಮಾತೆಯ ದೇವಾಲಯಕ್ಕೆ ಹೋಗಿ, ಕುಲೀನರ ಲಾಂಛನವಾದ ತಮ್ಮ ಖಡ್ಗವನ್ನು ಬಿಚ್ಚಿ ಮಾತೆಯ ಪಾದದಡಿಯಲ್ಲಿರಿಸಿದರು. ತಂದೆಯ ಕೋಪ, ಕಣ್ಣೀರು, ತಿಂಗಳುಗಟ್ಟಲೆ ಮೌನ, ಎಲ್ಲವೂ ಆಯಿತು. 1726ರ ಡಿಸೆಂಬರ್ 21ರಂದು ಅಲ್ಫೋನ್ಸರಿಗೆ ಗುರುಪಟ್ಟವಾಯಿತು. ಕೆಲಕಾಲದ ನಂತರ ಮಗನ ಪ್ರಬೋಧನೆಯನ್ನು ದೇವಾಲಯದಲ್ಲಿ ಕುಳಿತು ಕೇಳಿದ ಜುಸೆಪ್ಪೆಯವರ ಮನಸ್ಸು ಕರಗಿತು.

ನೇಪಲ್ಸಿನ ಕೂಲಿಕಾರರು, ಕುಶಲಕರ್ಮಿಗಳು, ಬೀದಿಯ ತರುಣರು ಅವರ ಮೊದಲ ಶ್ರೋತೃಗಳು. ಸಂಜೆಯ ಹೊತ್ತು ಅಂಗಡಿಗಳಲ್ಲಿ, ಮನೆಗಳಲ್ಲಿ ಕೂಡಿ ಪ್ರಾರ್ಥಿಸುವ ಗುಂಪುಗಳನ್ನು ಅವರು ಕಟ್ಟಿದರು. ಅವುಗಳನ್ನು ನಡೆಸಿದವರು ಬಹುಮಟ್ಟಿಗೆ ಶ್ರೀಸಾಮಾನ್ಯರೇ. 1730ರಲ್ಲಿ ದಣಿದು ಕಾಯಿಲೆ ಬಿದ್ದ ಅವರು ಅಮಾಲ್ಫಿ ಕರಾವಳಿಯ ಮೇಲಣ ಸ್ಕಾಲಾದ ಬೆಟ್ಟಗಳಿಗೆ ವಿಶ್ರಾಂತಿಗೆಂದು ಹೋದರು. ಅಲ್ಲಿ ಆಡು ಕಾಯುವವರು ಸಿಕ್ಕರು. ಗುರುಗಳಿಂದ ತುಂಬಿತುಳುಕುತ್ತಿದ್ದ ನೇಪಲ್ಸಿನಿಂದ ಕೆಲವೇ ಹರದಾರಿ ದೂರದಲ್ಲಿ, ಕ್ರೈಸ್ತರೆಂದು ಹೆಸರಿದ್ದೂ ಶುಭಸಂದೇಶದ ಅರಿವಿಲ್ಲದ ಜನ! ಅವರಿಗಾಗಿ 1732ರ ನವೆಂಬರ್ 9ರಂದು ಸ್ಕಾಲಾದಲ್ಲಿ ಒಂದು ಸಣ್ಣ ಸಭೆ ಆರಂಭವಾಯಿತು. ಇಂದು ಲೋಕರಕ್ಷಕರ ಸಭೆ, ಅಥವಾ ರಿಡೆಂಪ್ಟರಿಸ್ಟ್ ಸಭೆ ಎನಿಸಿಕೊಂಡಿರುವುದು ಇದೇ. ನಮ್ಮ ಬೆಂಗಳೂರಿನ ಡೇವಿಸ್ ರಸ್ತೆಯ ಪವಿತ್ರಾತ್ಮರ ದೇವಾಲಯದಲ್ಲಿ ಸೇವೆ ಸಲ್ಲಿಸುವವರು ಈ ಸಭೆಯ ಗುರುಗಳೇ. ನಿತ್ಯಾಧಾರ ಮಾತೆಯ ಚಿತ್ರವನ್ನು 1866ರಲ್ಲಿ ಒಂಬತ್ತನೆಯ ಪಿಯುಸ್ ಜಗದ್ಗುರುಗಳು ಒಪ್ಪಿಸಿದ್ದೂ ಇವರಿಗೇ. ಬುಧವಾರದ ನೊವೇನಕ್ಕೆ ತಪ್ಪದೆ ಹೋಗುವವರು ಈ ನಂಟನ್ನು ಅರಿತಿದ್ದರೆ ಒಳಿತು.

ಸಭೆ ಹುಟ್ಟಿದ ಐದಾರು ತಿಂಗಳಲ್ಲೇ ಸಂಗಾತಿಗಳು ಭಿನ್ನಾಭಿಪ್ರಾಯದಿಂದ ಬಿಟ್ಟುಹೋದರು. ಉಳಿದವರು ವೀತೋ ಕುರ್ಸಿಯೊ ಎಂಬ ಒಬ್ಬ ಸಹೋದರ ಮಾತ್ರ. ನಗರದಲ್ಲಿ ಅಪಹಾಸ್ಯವೋ ಅಪಹಾಸ್ಯ. ಅಲ್ಫೋನ್ಸರು ಕದಲಲಿಲ್ಲ. ನಿಧಾನವಾಗಿ ಜನ ಸೇರಿದರು. 1749ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಜಗದ್ಗುರುಗಳು ಸಭೆಯ ನಿಯಮಾವಳಿಗೆ ಮಾನ್ಯತೆ ಕೊಟ್ಟರು.

ಈ ನಡುವೆ ಅವರು ಮಾಡಿದ ಬಹುದೊಡ್ಡ ಕೆಲಸವೊಂದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗದು. ಅಂದಿನ ಯುರೋಪಿನಲ್ಲಿ ಜಾನ್ಸೆನ್ ಪಂಥದ ನೆರಳು ದಟ್ಟವಾಗಿತ್ತು. ಮನುಷ್ಯ ಭ್ರಷ್ಟ, ದೇವರ ಕೃಪೆ ಕೆಲವರಿಗಷ್ಟೇ ಮೀಸಲು, ಪರಮಪ್ರಸಾದ ಸ್ವೀಕರಿಸಲು ಯೋಗ್ಯರು ವಿರಳ ಎಂಬ ಧೋರಣೆ ಅದು. ಪಾಪನಿವೇದನೆಗೆ ಬಂದವರಿಗೆ ಕ್ಷಮೆಯನ್ನು ತಿಂಗಳುಗಟ್ಟಲೆ ಮುಂದೂಡುವ ಗುರುಗಳಿದ್ದರು. ಅಲ್ಫೋನ್ಸರೂ ಎಳವೆಯಲ್ಲಿ ಬಿಗಿಯಾದ ನೀತಿಶಾಸ್ತ್ರವನ್ನೇ ಕಲಿತವರು. ಬೆಟ್ಟದ ಬಡವರ ಪಾಪನಿವೇದನೆಗಳನ್ನು ಕೇಳುತ್ತ ಕೇಳುತ್ತ ಅವರು ಬದಲಾದರು. 1748ರಲ್ಲಿ ಮೊದಲು ಪ್ರಕಟವಾಗಿ ಅವರ ಜೀವಿತಕಾಲದಲ್ಲೇ ಒಂಬತ್ತು ಮುದ್ರಣಗಳನ್ನು ಕಂಡ ನೀತಿಶಾಸ್ತ್ರದ ಗ್ರಂಥದಲ್ಲಿ ಅವರು ಹಿಡಿದದ್ದು ನಡುದಾರಿ. ಅತಿ ಕಾಠಿಣ್ಯವೂ ಬೇಡ, ಅತಿ ಸಡಿಲಿಕೆಯೂ ಬೇಡ. ಸಂದೇಹವಿರುವಲ್ಲಿ ಮನಸ್ಸಾಕ್ಷಿಯ ಮೇಲೆ ಹೊರಲಾರದ ಹೊರೆಯನ್ನು ಹೇರಬಾರದು. ಗುರುವಾದವನು ಮೊದಲು ತಂದೆ, ಆಮೇಲೆ ವೈದ್ಯ ಮತ್ತು ಬೋಧಕ, ಕೊನೆಗೆ ನ್ಯಾಯಾಧೀಶ. ವಿಶೇಷವಾಗಿ, ಇಲ್ಲದ ಪಾಪವನ್ನು ಇದೆಯೆಂದು ಭಾವಿಸಿ ನರಳುವ ಸಂದೇಹಪೀಡಿತರಿಗೆ ಅವರು ಕೊಟ್ಟ ಔಷಧ ಒಂದೇ: ನಿನ್ನ ಭಯವನ್ನು ನಂಬಬೇಡ, ನಿನ್ನ ಗುರುವಿನ ಮಾತನ್ನು ನಂಬಿ ನಡೆ ಎಂಬುದು ಅದರ ಸಾರ. ಆ ಔಷಧದ ಅಗತ್ಯ ಅವರಿಗೂ ಇತ್ತು. ತರುಣರಾಗಿದ್ದಾಗಿನಿಂದಲೂ ಈ ಬಾಧೆ ಅವರನ್ನು ಕಾಡಿತ್ತು, ಆತ್ಮಗುರುಗಳ ಅಪ್ಪಣೆಗಳನ್ನು ಅವರು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದರು.

1762ರಲ್ಲಿ, ಅರುವತ್ತೈದು ದಾಟಿದ ಮೇಲೆ, ಬೇಡವೆಂದರೂ ಕೇಳದೆ ಅವರನ್ನು ಸಾಂತ ಅಗಾತಾ ಎಂಬ ಧರ್ಮಪ್ರಾಂತ್ಯಕ್ಕೆ ಧರ್ಮಾಧ್ಯಕ್ಷರನ್ನಾಗಿ ನೇಮಿಸಲಾಯಿತು. 1763-64ರ ಭೀಕರ ಕ್ಷಾಮದಲ್ಲಿ ತಮ್ಮ ಗಾಡಿಯನ್ನೂ ಉಂಗುರವನ್ನೂ ಮಾರಿ ಜನರಿಗೆ ಅನ್ನವಿತ್ತರು. ಆಮೇಲೆ ಆ ಸಂಧಿವಾತ. 1775ರಲ್ಲಿ ಆರನೆಯ ಪಿಯುಸ್ ಜಗದ್ಗುರುಗಳು ಅವರ ರಾಜೀನಾಮೆಯನ್ನು ಒಪ್ಪಿಕೊಂಡರು. ಅಲ್ಫೋನ್ಸರು ಸಾಯಲೆಂದು ಪಗಾನಿಯಲ್ಲಿದ್ದ ತಮ್ಮ ಸಭೆಯ ಮನೆಗೆ ಮರಳಿದರು. ಸಾವು ಮಾತ್ರ ಇನ್ನೂ ಹನ್ನೆರಡು ವರ್ಷ ದೂರವಿತ್ತು.

ಅವರಿಗಿದ್ದ ಕೊನೆಯ ಚಿಂತೆ ಸಭೆಯ ಭವಿಷ್ಯ. ಜಗದ್ಗುರುಗಳ ಮಾನ್ಯತೆ ಇದ್ದರೂ ನೇಪಲ್ಸ್ ರಾಜ್ಯದ ಕಾನೂನಿನ ಮಾನ್ಯತೆ ಇರಲಿಲ್ಲ. ಅಲ್ಲಿನ ಸರಕಾರ ಸನ್ಯಾಸ ಸಭೆಗಳ ವಿರೋಧಿ, 1767ರಲ್ಲಿ ಯೇಸುಸಭೆಯವರನ್ನೇ ರಾಜ್ಯದಿಂದ ಹೊರಗಟ್ಟಿತ್ತು. ಯಾರಾದರೂ ಒಂದು ದೂರು ಕೊಟ್ಟರೆ ಸಭೆ ಮುಚ್ಚಿಹೋಗುವ ಸ್ಥಿತಿ. 1779ರಲ್ಲಿ ಅವಕಾಶವೊಂದು ಒದಗಿಬಂದಾಗ, ಸಭೆಯ ಪರವಾಗಿ ಮಾತುಕತೆಗೆ ಕಳುಹಿಸಿದವರು ಸರಕಾರದ ಇಚ್ಛೆಗೆ ಮಣಿದು, ಬಡತನದ ವ್ರತವನ್ನೂ ಸಭೆಯ ಆಡಳಿತ ಕ್ರಮವನ್ನೂ ಕಡೆಗಣಿಸುವ ಹೊಸ ನಿಯಮಾವಳಿಗೆ ಒಪ್ಪಿದರು. ಅದರ ಹಸ್ತಪ್ರತಿ ಅಲ್ಫೋನ್ಸರ ಮುಂದೆ ಬಂತು. ಸಣ್ಣ ಅಕ್ಷರ, ಎಲ್ಲೆಲ್ಲೂ ಹೊಡೆದು ತಿದ್ದಿದ ಸಾಲುಗಳು. ಓದಬೇಕಾದವರಿಗೆ ಎಂಬತ್ತಮೂರು ವರ್ಷ, ಕಣ್ಣು ಮಂಜು, ಕಿವಿ ಮಂದ. ಮೊದಲ ಕೆಲವು ಸಾಲುಗಳನ್ನು ಓದುವುದರಲ್ಲೇ ಅವರು ದಣಿದರು. ಎಲ್ಲವೂ ಸರಿಯಾಗಿದೆಯೆಂದು ನಂಬಿಕಸ್ಥರು ಹೇಳಿದ್ದರಿಂದ ಸಹಿ ಹಾಕಿದರು.

ಓದದೆ ಹೋದ ಒಂದು ಕಾಗದದಿಂದ ಯೌವನದಲ್ಲಿ ಸೋತವರು, ಓದಲಾಗದ ಇನ್ನೊಂದು ಕಾಗದದಿಂದ ಮುಪ್ಪಿನಲ್ಲಿ ಸೋತರು. ಕಥೆಗಾರನು ಇದನ್ನು ಕಲ್ಪಿಸಿದ್ದರೆ ನಾವು ನಂಬುತ್ತಿರಲಿಲ್ಲ.

1780ರಲ್ಲಿ ಈ ನಿಯಮಾವಳಿ ಜಾರಿಗೆ ಬಂದೊಡನೆ ಸಭೆಯಲ್ಲಿ ಕೋಲಾಹಲವೆದ್ದಿತು. ಸಂಸ್ಥಾಪಕರೇ ಮೂಲ ನಿಯಮವನ್ನು ಮಾರಿಕೊಂಡರೆಂದು ಕೆಲವರು ಆಡಿದರು. ರೋಮಿನ ಆಡಳಿತಕ್ಕೆ ಸೇರಿದ ಪ್ರದೇಶದಲ್ಲೂ ಸಭೆಯ ಮನೆಗಳಿದ್ದವು. ಆರನೆಯ ಪಿಯುಸ್ ಜಗದ್ಗುರುಗಳು ಆ ಮನೆಗಳನ್ನು ಮಾತ್ರ ನಿಜವಾದ ಸಭೆಯೆಂದು ಸಾರಿ, ಅವುಗಳಿಗೆ ಬೇರೊಬ್ಬ ಶ್ರೇಷ್ಠರನ್ನು ನೇಮಿಸಿದರು. ನೇಪಲ್ಸಿನ ಮನೆಗಳಲ್ಲಿದ್ದವರು ಇನ್ನು ಸಭೆಯ ಸದಸ್ಯರಲ್ಲ. ಅಂದರೆ ಅಲ್ಫೋನ್ಸರು, ಸ್ಕಾಲಾದಲ್ಲಿ ಎಲ್ಲರೂ ಬಿಟ್ಟುಹೋದಾಗಲೂ ಕದಲದಿದ್ದವರು, ತಾವೇ ಹುಟ್ಟುಹಾಕಿದ ಸಭೆಯಿಂದ ಹೊರಗಾದರು. ಜಗದ್ಗುರುಗಳ ಮೇಲಿನ ನಿಷ್ಠೆಯನ್ನು ಬದುಕಿಡೀ ಬೋಧಿಸಿದವರಿಗೆ ಅದೇ ಜಗದ್ಗುರುಗಳ ಕೈಯಿಂದ ಬಂದ ಶಿಕ್ಷೆ ಇದು.

ಅವರನ್ನು ಬಲ್ಲ ಚರಿತ್ರಕಾರರಾದ ತನ್ನೋಯ ಸುದ್ದಿ ಬಂದ ದಿನವನ್ನು ವರ್ಣಿಸಿದ್ದಾರೆ. ಮೊದಲು ಅಲ್ಫೋನ್ಸರು ಶಾಂತವಾಗಿಯೇ ದೇವಚಿತ್ತವೆಂದು ಸ್ವೀಕರಿಸಿದರಂತೆ. ಸ್ವಲ್ಪ ಹೊತ್ತಿನ ಮೇಲೆ ಬಿರುಗಾಳಿ ಎದ್ದಿತು. ತನ್ನ ಪಾಪಗಳಿಂದಲೇ ಸಭೆ ಹಾಳಾಯಿತು, ದೇವರು ತನ್ನನ್ನು ತೊರೆದರು ಎಂಬ ಯೋಚನೆ ಅವರನ್ನು ಹಿಡಿದು ಅಲುಗಾಡಿಸಿತು. ಅವರು ಅಳುತ್ತ ಜೊತೆಯವರನ್ನು ಕರೆದರು. ಅವರು ಬಂದು ಸಮಾಧಾನದ ಮಾತು ಹೇಳಿದ ಮೇಲೆಯೇ ಮನಸ್ಸು ಒಂದಿಷ್ಟು ತಣಿಯಿತು.

ಇದು ಒಂದು ದಿನಕ್ಕೆ ಮುಗಿಯಲಿಲ್ಲ. 1784-85ರಲ್ಲಿ ಸುಮಾರು ಒಂದೂವರೆ ವರ್ಷ ಅವರ ಆತ್ಮ ಕತ್ತಲಲ್ಲಿತ್ತು. ವಿಶ್ವಾಸದ ಪ್ರತಿಯೊಂದು ಸತ್ಯದ ಮೇಲೂ ಸಂದೇಹ, ಪ್ರತಿಯೊಂದು ಕಾರ್ಯದಲ್ಲೂ ಪಾಪದ ಭಯ, ನರಕದ ದಿಗಿಲು. ದೇವರ ದಯೆಗೆ ಮಿತಿಯಿಲ್ಲವೆಂದು ಸಾವಿರಾರು ಪಾಪಿಗಳಿಗೆ ಅಭಯವಿತ್ತವರಿಗೆ ತಮ್ಮ ಪಾಲಿನ ಅಭಯವೇ ಕಾಣದಾಯಿತು.

ಇಲ್ಲಿ ಓದುಗರು ತತ್ವಶಾಸ್ತ್ರದ ಹಳೆಯ ವಿದ್ಯಾರ್ಥಿಯನ್ನು ಸ್ವಲ್ಪ ಸಹಿಸಿಕೊಳ್ಳಬೇಕು. ಭರವಸೆಯ ಕುರಿತು ಸಂತ ತೋಮಸ್ ಅಕ್ವಿನಾಸರು ಮಾಡುವ ವಿವೇಚನೆಯಲ್ಲಿ ಎರಡು ಎಳೆಗಳಿವೆ. ನಾವು ಆಶಿಸುವ ಒಳಿತು ಒಂದು. ಆ ಒಳಿತನ್ನು ಯಾರ ಬಲದಿಂದ ಪಡೆಯುತ್ತೇವೆಯೋ ಆ ನೆರವು ಇನ್ನೊಂದು. ಆಸೆ ಮುರಿದುಬಿದ್ದಾಗ ನಾವು ನೋಡುವುದು ಮೊದಲನೆಯದನ್ನು ಮಾತ್ರ: ಬೇಕಾದದ್ದು ಸಿಗಲಿಲ್ಲ, ಆದ್ದರಿಂದ ಭರವಸೆ ಸತ್ತಿತು. ಇಪ್ಪತ್ತಾರರ ಅಲ್ಫೋನ್ಸರಿಗೆ ಕಳೆದುಕೊಂಡದ್ದರ ಬದಲು ಅದಕ್ಕಿಂತ ದೊಡ್ಡದು ಕಣ್ಣಿಗೆ ಕಂಡಿತು. ನ್ಯಾಯಾಲಯದ ಬಾಗಿಲು ಮುಚ್ಚಿತು, ಆಸ್ಪತ್ರೆಯ ಬಾಗಿಲು ತೆರೆಯಿತು. ಈ ಮಾದರಿಯ ಸಾಂತ್ವನವನ್ನು ಹೇಳುವುದು ನಮಗೂ ಸುಲಭ, ಕೇಳುವವರಿಗೂ ಹಿತ. ಎಂಬತ್ತರ ಅಲ್ಫೋನ್ಸರಿಗೆ ಅಂಥದೇನೂ ಸಿಗಲಿಲ್ಲ. ಸಭೆ ಮರಳಿ ಬರಲಿಲ್ಲ, ಜಗದ್ಗುರುಗಳ ಆಜ್ಞೆ ಅವರ ಜೀವಿತಕಾಲದಲ್ಲಿ ಬದಲಾಗಲಿಲ್ಲ, ಬೆಳಕೂ ಬಹುಕಾಲ ಕಾಣಲಿಲ್ಲ. ಅವರಿಗೆ ಉಳಿದದ್ದು ಎರಡನೆಯ ಎಳೆ ಮಾತ್ರ, ಅದೂ ಮತ್ತೊಬ್ಬರ ಬಾಯಿಂದ.

ಅವರು ಮಾಡಿದ್ದು ತೀರಾ ಸರಳವಾದ ಕೆಲಸ. ದಿಗಿಲು ಹತ್ತಿದಾಗ, ಹಗಲಾಗಲಿ ಇರುಳಾಗಲಿ, ಆತ್ಮಗುರುವನ್ನೋ ಬಳಿಯಿದ್ದ ಯಾವನಾದರೂ ಗುರುವನ್ನೋ ಕರೆಸುತ್ತಿದ್ದರು. ಅವರ ಎದುರು ಕುಳಿತ ಆ ಗುರುಗಳಲ್ಲಿ ಕೆಲವರು ವಯಸ್ಸಿನಲ್ಲಿ ಅವರಿಗೆ ಮೊಮ್ಮಕ್ಕಳಾಗಬಹುದಾದವರು, ಪಾಪನಿವೇದನೆ ಕೇಳುವ ವಿದ್ಯೆಯನ್ನು ಅವರದೇ ಪುಸ್ತಕದಿಂದ ಕಲಿತವರು. ಅವರು ಹೇಳಿದ ಅಭಯವಾಕ್ಯ ವೃದ್ಧರ ಮನಸ್ಸಿಗೆ ಹತ್ತುತ್ತಿರಲಿಲ್ಲ. ಆದರೂ ವಿಧೇಯರಾಗಿ ಒಪ್ಪುತ್ತಿದ್ದರು. ಪರಮಪ್ರಸಾದ ಸ್ವೀಕರಿಸು ಎಂದರೆ, ಭಯದಿಂದ ನಡುಗುತ್ತಲೇ ಸ್ವೀಕರಿಸುತ್ತಿದ್ದರು. ತಾವು ಇತರರಿಗೆ ಬರೆದುಕೊಟ್ಟ ಔಷಧವನ್ನು, ರುಚಿಯಿಲ್ಲದಿದ್ದರೂ, ಗುಣವಾಗುವುದೆಂಬ ಅನುಭವವಿಲ್ಲದಿದ್ದರೂ, ಬಿಡದೆ ಕುಡಿದರು. ತನ್ನೊಳಗೆ ಭರವಸೆಯ ಹನಿಯೂ ಕಾಣದಿದ್ದಾಗ ನೆರೆಯವನ ಭರವಸೆಯನ್ನು ಕಡ ತೆಗೆದುಕೊಂಡು ಒಂದು ದಿನವನ್ನು ದಾಟುವುದು, ಮರುದಿನ ಮತ್ತೆ ಕಡ ಕೇಳುವುದು. ನನ್ನ ಮಟ್ಟಿಗೆ ಅವರ ಗ್ರಂಥಗಳೆಲ್ಲಕ್ಕಿಂತ ಈ ಒಂದೂವರೆ ವರ್ಷವೇ ದೊಡ್ಡ ಪಾಠ. ನಿರಾಶರಾಗಿ ಬಂದವರಿಗೆ, ಇನ್ನಷ್ಟು ವಿಶ್ವಾಸವಿಡಿ ಎಂದು ನಾನು ಹೇಳುತ್ತಿದ್ದ ಕಾಲವಿತ್ತು. ಇಲ್ಲದ್ದನ್ನು ಇಡಿ ಎಂದರೆ ಅವರು ಎಲ್ಲಿಂದ ತಂದಾರು? ಈಗ ಹಾಗೆ ಹೇಳುವುದಿಲ್ಲ. ಮುಂದಿನ ವಾರ ಮತ್ತೆ ಬನ್ನಿ ಎನ್ನುತ್ತೇನೆ. ಬರುತ್ತಾರೆ.

ಕತ್ತಲು ನಿಧಾನವಾಗಿ ಸರಿಯಿತು. ಹೇಗೆ ಸರಿಯಿತೆಂಬುದಕ್ಕೆ ಕಾರಣ ಹುಡುಕಿ ಪ್ರಯೋಜನವಿಲ್ಲ. ಬಲಿಪೂಜೆ ಅರ್ಪಿಸಲು ಶಕ್ತಿಯಿಲ್ಲದ ವೃದ್ಧ ಗುರು ಪರಮಪ್ರಸಾದದ ಸನ್ನಿಧಿಯಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಿದ್ದರು. ಆ ಕೊನೆಯ ದಿನಗಳಲ್ಲಿ ಅವರ ಮುಖದಲ್ಲಿ ಶಾಂತಿಯಿತ್ತು. 1787ರ ಆಗಸ್ಟ್ 1ರಂದು, ಮಧ್ಯಾಹ್ನದ ದೇವದೂತ ಪ್ರಾರ್ಥನೆಯ ಗಂಟೆ ಬಾರಿಸುತ್ತಿದ್ದಾಗ, ತೊಂಬತ್ತೊಂದು ತುಂಬಲು ಎರಡು ತಿಂಗಳಿರುವಂತೆಯೇ, ಅವರು ಪ್ರಾಣಬಿಟ್ಟರು. ಆ ಕ್ಷಣದಲ್ಲೂ ಕಾಗದದ ಮೇಲೆ ಅವರು ತಮ್ಮ ಸಭೆಯ ಹೊರಗಿನವರೇ.

ಒಡೆದುಹೋಗಿದ್ದ ಸಭೆ 1793ರಲ್ಲಿ ಮತ್ತೆ ಒಂದಾಯಿತು. 1816ರಲ್ಲಿ ಅವರಿಗೆ ಪುನೀತ ಪದವಿ, 1839ರಲ್ಲಿ ಸಂತ ಪದವಿ, 1871ರಲ್ಲಿ ಧರ್ಮಪಂಡಿತ ಪದವಿ ದೊರೆಯಿತು. 1950ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಅವರನ್ನು ಪಾಪನಿವೇದನೆ ಕೇಳುವ ಗುರುಗಳ ಪಾಲಕ ಸಂತರನ್ನಾಗಿ ಘೋಷಿಸಿದರು. ಇವೆಲ್ಲಕ್ಕೂ ಮೊದಲಿನ ಮೆಟ್ಟಿಲು ಪೂಜ್ಯರೆಂಬ ಘೋಷಣೆ. ಅದು ಬಂದದ್ದು 1796ರಲ್ಲಿ. ಅದನ್ನು ಹೊರಡಿಸಿದವರು ಅವರನ್ನು ಸಭೆಯಿಂದ ಹೊರಗಿಟ್ಟಿದ್ದ ಅದೇ ಆರನೆಯ ಪಿಯುಸ್.